ದಪ್ಪ ಹರಳು ಮಾತಾಡುವ ದಿನ

ನಮ್ಮಲ್ಲಿ ‘ನೀವು’ ಅನ್ನುವುದರಿಂದ ‘ನೀನು’ ಅನ್ನುವುದಕ್ಕೆ ಬರಬೇಕಾದರೆ ನಡುವೆ ಒಂದು ಲೋಟ ದಾಟಬೇಕು. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಪುಟ್ಟ ಗಾಜಿನ ಲೋಟ, ಅದರಲ್ಲಿ ಪ್ಲಮ್ ಹಣ್ಣಿನ ಸಾರಾಯಿ. ಇಬ್ಬರೂ ಎತ್ತಿ, ತಗುಲಿಸಿ, ಕಣ್ಣಲ್ಲಿ ಕಣ್ಣಿಟ್ಟು ಕುಡಿದು, ತಂತಮ್ಮ ಹೆಸರು ಹೇಳಿಕೊಂಡರೆ ಆಯಿತು. ಹೆಸರಿನ ಮುಂದೆ ಗಂಡಸರಿಗೆ ಹಚ್ಚುವ ‘ಪಾನ್’, ಹೆಂಗಸರಿಗೆ ಹಚ್ಚುವ ‘ಪಾನಿ’ ಅಲ್ಲಿಗೆ ಉದುರಿಹೋಗುತ್ತದೆ. ಆಮೇಲೆ ಸಾಯುವವರೆಗೂ ‘ನೀನು’. ಹಿಂದಕ್ಕೆ ಹೋಗುವ ಹಾಗಿಲ್ಲ. ಆದರೆ ಲೋಟಕ್ಕೆ ಕರೆಯುವ ಹಕ್ಕು ಎಲ್ಲರಿಗೂ ಇಲ್ಲ. ಒಬ್ಬರು ಗಂಡಸು, ಒಬ್ಬರು ಹೆಂಗಸಾದರೆ ಹೆಂಗಸು ಕರೆಯಬೇಕು. ಒಬ್ಬರು ಹಿರಿಯರು, ಒಬ್ಬರು ಕಿರಿಯರಾದರೆ ಹಿರಿಯರು ಕರೆಯಬೇಕು.

ಪಾನ್ ಓತಕರ್ ನನಗಿಂತ ಹಿರಿಯರು. ನಾನು ಹೆಂಗಸು. ತೊಡಕು ಇದ್ದದ್ದು ಅಲ್ಲೇ.

ನಾವಿಬ್ಬರೂ ಪ್ರಾಗ್‌ನ ಒಂದು ಸಂಶೋಧನಾ ಸಂಸ್ಥೆಯ ನೆಲಮಾಳಿಗೆಯಲ್ಲಿ ಎದುರುಬದುರು ಕೋಣೆಯವರು. ಅವರದು ಕುಲುಮೆ ಕೋಣೆ. ಹರಳು ಬೆಳೆಸುವುದು ಅವರ ಕೆಲಸ. ನನ್ನದು ಸಾಣೆ ಕೋಣೆ. ಅವರು ಬೆಳೆಸಿದ್ದನ್ನು ನಾನು ಕೊಯ್ದು, ಸಾಣೆ ಹಿಡಿದು, ಮುಖ ಕಾಣುವ ಹಾಗೆ ಹೊಳಪು ಬರಿಸಿ ಮೇಲಿನ ಮಹಡಿಗೆ ಕೊಡಬೇಕು. ಮೇಲೆ ಡಾಕ್ಟರ್ ಇವೋನಾ ಇದ್ದಳು. ರೋಗಿಗಳನ್ನು ನೋಡುವ ಡಾಕ್ಟರಲ್ಲ, ಓದಿ ಡಾಕ್ಟರಾದವಳು. ಅವಳು ಹರಳಿನ ಮೇಲೆ ಕಣ್ಣಿಗೆ ಕಾಣದ ಬೆಳಕು ಬಿಟ್ಟು, ಅದು ವಾಪಸು ಬಂದದ್ದನ್ನು ಅಳೆಯುತ್ತಿದ್ದಳು. ಅವಗೆಂಪು ಅನ್ನುತ್ತಾರೆ. ಚಳಿಗಾಲದಲ್ಲಿ ಕಣ್ಣು ಮುಚ್ಚಿಕೊಂಡು ಒಲೆಯ ಮುಂದೆ ಕೂತರೂ ಒಲೆ ಎಲ್ಲಿದೆಯೆಂದು ಕೆನ್ನೆಗೆ ಗೊತ್ತಾಗುತ್ತದಲ್ಲ, ಆ ಬೆಳಕು.

ನಾನು ತುರ್ನೋವ್ ಊರಿನವಳು. ಅಲ್ಲಿ ಮನೆಮನೆಯಲ್ಲೂ ಕೆಂಪು ಹರಳಿಗೆ ಸಾಣೆ ಹಿಡಿಯುವವರು. ಅಪ್ಪನ ಸಾಣೆಯ ಪೆಡಲಿಗೆ ನನ್ನ ಕಾಲು ಎಟಕಿದ ವರ್ಷವೇ ನನ್ನ ಶಾಲೆ ಮುಗಿಯಿತು. ಆಮೇಲೆ ಮದುವೆಯಾಗಿ ಪ್ರಾಗ್‌ಗೆ ಬಂದೆ. ಗಂಡ ಇನ್ನೊಬ್ಬಳ ಜೊತೆ ಬೇರೆ ಊರಿಗೆ ಹೋದ. ಜೊತೆಗಿದ್ದ ಅಮ್ಮನೂ ತೀರಿಕೊಂಡ ಮೇಲೆ ನನ್ನನ್ನು ‘ನೀನು’ ಎಂದು ಕರೆಯುವ ಒಂದು ಬಾಯಿಯೂ ಆ ಪಟ್ಟಣದಲ್ಲಿ ಉಳಿಯಲಿಲ್ಲ. ಅಂಗಡಿಯವರು ‘ನೀವು’, ಪಕ್ಕದ ಮನೆಯವರು ‘ನೀವು’, ಟ್ರ್ಯಾಮಿನಲ್ಲಿ ಕಾಲು ತುಳಿದವರೂ ‘ನೀವು’. ಮರ್ಯಾದೆಯಿಂದ ಹೊಟ್ಟೆ ತುಂಬುವುದಿಲ್ಲ ಎನ್ನುವುದು ಒಬ್ಬರೇ ಇರುವವರಿಗೆ ಗೊತ್ತು.

ಪಾನ್ ಓತಕರ್ ಅವರ ಹೆಂಡತಿಯೂ ತೀರಿಹೋಗಿ ಬಹಳ ಕಾಲವಾಗಿತ್ತು. ಎತ್ತರದ ಆಳು, ಕುಲುಮೆಯ ಝಳಕ್ಕೆ ಹುಬ್ಬು ಸುಟ್ಟು ಸುಟ್ಟು ಅರ್ಧವಾಗಿತ್ತು. ಮಧ್ಯಾಹ್ನ ಬ್ರೆಡ್ಡು ತಿನ್ನುವಾಗ ನನ್ನ ಕೋಣೆಗೆ ಬಂದು ಕಿಟಕಿ ಕಟ್ಟೆಯ ಮೇಲೆ ಕೂರುತ್ತಿದ್ದರು. ಕಿಟಕಿಯ ಆಚೆ ರಸ್ತೆಯಲ್ಲಿ ಓಡಾಡುವವರ ಕಾಲು ಮಾತ್ರ ಕಾಣುತ್ತಿತ್ತು. ಅವರು ಬೂಟು ನೋಡಿ ಜನರನ್ನು ಬಣ್ಣಿಸುತ್ತಿದ್ದರು, ನಾನು ನಗುತ್ತಿದ್ದೆ.

ಒಂದು ದಿನ ನಾನೇ ಕೇಳಿದೆ.

“ಇಷ್ಟು ವರ್ಷ ಆಯ್ತು, ಪಾನ್ ಓತಕರ್. ನಾವಿನ್ನೂ ‘ನೀವು’ ಅಂತಾನೇ ಇದೀವಲ್ಲ?”

“ಹೆಂಗಸರ ಹಕ್ಕು ಅದು, ಪಾನಿ ಮಿಲಾದಾ. ಕರೀಬೇಕಾದೋರು ನೀವು. ನಾನ್ಯಾಕೆ ಕಿತ್ಕೊಳ್ಳಲಿ?”

“ಹಿರಿಯರ ಹಕ್ಕೂ ಹೌದು.”

“ಹಾಗಂದ್ರೆ ನಾನು ಮುದುಕ ಅಂತ ಒಪ್ಕೋಬೇಕಾ? ಸತ್ರೂ ಒಪ್ಪಲ್ಲ.”

“ಸರಿ, ನಾನು ಕರೆದ್ರೆ ‘ಈ ಹೆಂಗಸಿಗೆ ಅವಸರ’ ಅಂತೀರಿ.”

“ಅಂತೀನಿ,” ಎಂದು ನಕ್ಕರು. ನಂತರ ಚಾಕುವಿನಿಂದ ಬ್ರೆಡ್ಡಿನ ಚೂರು ಒಟ್ಟುಮಾಡುತ್ತ, ತಮಾಷೆಯೋ ನಿಜವೋ ತಿಳಿಯದ ದನಿಯಲ್ಲಿ ಹೇಳಿದರು. “ಒಂದು ಕೆಲಸ ಮಾಡೋಣ. ನಮ್ಮಿಬ್ಬರ ಹಕ್ಕೂ ಬೇಡ, ಹರಳಿಗೆ ಬಿಟ್ಬಿಡೋಣ. ದಪ್ಪ ಹರಳು ಮಾತಾಡಿದ ದಿನ ನಾವು ಲೋಟ ಎತ್ತೋದು. ಸೀಸೆ ನಂದು.”

“ಮಾತು ಅಂದ್ರೆ ಮಾತಾ?”

“ಮಾತು ಅಂದ್ರೆ ಮಾತು.”

ದಪ್ಪ ಹರಳೆಂದರೆ ಏನೆಂದು ಹೇಳಬೇಕು. ಅವರು ಬಿಸ್ಮತ್ ಮತ್ತು ಟೈಟಾನಿಯಂನ ಪುಡಿ ಬೆರೆಸಿ, ಪ್ಲಾಟಿನಂ ಮೂಸೆಯಲ್ಲಿ ಕರಗಿಸಿ, ವಾರಗಟ್ಟಲೆ ನಿಧಾನವಾಗಿ ಆರಿಸುತ್ತಿದ್ದರು. ಆರಿದಾಗ ಮೂಸೆಯೊಳಗೆ ಹರಳು ಕೂತಿರುತ್ತಿತ್ತು. ಆದರೆ ಅದು ಕೆಂಪು ಹರಳಿನ ಹಾಗೆ ಗಟ್ಟಿ ಗುಂಡಲ್ಲ. ಕಾಗೆ ಬಂಗಾರದ ಹಾಗೆ ಪದರ ಪದರ, ಮೀನಿನ ಹುರುಪೆಯಷ್ಟು ತೆಳು. ಉಗುರು ತಾಗಿದರೆ ಇನ್ನೂ ಎರಡಾಗುತ್ತಿತ್ತು.

“ಒಳಗೆ ಅಣುಗಳು ಸುಮ್ನೆ ಕೂತಿರಲ್ಲ ಪಾನಿ ಮಿಲಾದಾ,” ಎಂದು ಅವರು ನನಗೆ ವಿವರಿಸಿದ್ದು ಇಸ್ಪೀಟು ಕಟ್ಟಿನಿಂದ. ಮರಿಯಾಶ್ ಆಟದ ಹಳೇ ಕಟ್ಟು ಅವರ ಜೇಬಿನಲ್ಲಿ ಯಾವಾಗಲೂ ಇರುತ್ತಿತ್ತು. “ನಡುಗ್ತಾ ಇರ್ತವೆ. ಈ ಕಟ್ಟನ್ನ ಹೀಗೆ ಅಡ್ಡ ತಳ್ಳಿದ್ರೆ ಎಲೆಗಳು ಜಾರ್ತವೆ. ಅದೊಂದು ನಡುಕ. ಅದನ್ನ ಪಾನಿ ಡಾಕ್ಟರ್ ನೋಡಿದಾರೆ. ಹೀಗೆ ಮೇಲಿಂದ ಒತ್ತಿ ಬಿಟ್ರೆ?” ಸ್ವಲ್ಪ ಬಾಗಿದ್ದ ಹಳೇ ಎಲೆಗಳು ಒತ್ತಿದಾಗ ಕೂತವು, ಬಿಟ್ಟಾಗ ಎದ್ದವು. ಕಟ್ಟು ಉಸಿರಾಡಿದ ಹಾಗಿತ್ತು. “ಇದನ್ನ ಯಾರೂ ನೋಡಿಲ್ಲ, ನಮ್ಮ ಹರಳಲ್ಲಿ. ನೋಡ್ಬೇಕಾದ್ರೆ ಅಂಚಿನ ಮೇಲೆ ಬೆಳಕು ಬಿಡ್ಬೇಕು. ಆ ಬೆಳಕಿನ ಅಲೆ ದೊಡ್ಡದು. ತೆಳು ಅಂಚಲ್ಲಿ ಅದಕ್ಕೆ ಕಾಲೂರೋಕೆ ಜಾಗ ಇಲ್ಲ.”

“ಅದಕ್ಕೇ ದಪ್ಪ ಬೇಕು.”

“ಅದಕ್ಕೇ ದಪ್ಪ ಬೇಕು. ಆ ನಡುಕ ಕಂಡ್ರೆ ಹರಳು ಮಾತಾಡ್ದ ಹಾಗೆ. ಇನ್ನೊಂದು ವಿಷ್ಯ ಕೇಳಿ. ಈ ಹರಳನ್ನ ಬಿಸಿ ಮಾಡ್ತಾ ಹೋದ್ರೆ ನಡುಕ ಜೋರಾಗ್ಬೇಕು ಅಂತೀರಿ ತಾನೇ? ಇಲ್ಲ. ಅದರಲ್ಲಿ ಒಂದು ನಡುಕ ನಿಧಾನ ಆಗ್ತಾ, ಮೆತ್ತಗಾಗ್ತಾ ಹೋಗುತ್ತೆ. ಕೊನೆಗೊಂದು ಬಿಸಿ ಬರುತ್ತೆ, ಅಲ್ಲಿ ಹರಳು ತನ್ನ ಒಳಗಿನ ಓರೆಯನ್ನೇ ಬಿಟ್ಟು ನೆಟ್ಟಗಾಗುತ್ತೆ. ಅಂಚಿನ ನಡುಕವೂ ಹಾಗೇನಾ ಅಂತ ನನಗೆ ನೋಡ್ಬೇಕು.”

“ಅಷ್ಟು ಬಿಸಿಗೆ ಒಡೆದುಹೋದ್ರೆ?”

“ಒಡೀಲಿ. ನೋಡಿದ ಮೇಲೆ ಒಡೀಲಿ.”

ವರ್ಷಗಳು ಹೋದವು. ಮೂಸೆಯಿಂದ ಹುರುಪೆಗಳೇ ಬಂದವು. ಪ್ರತಿ ಸಲವೂ ಅವರು ಬಾಗಿಲಲ್ಲಿ ನಿಂತು, “ಇನ್ನೂ ‘ನೀವು’, ಪಾನಿ ಮಿಲಾದಾ,” ಎನ್ನುತ್ತಿದ್ದರು. ಹೊಸದರಲ್ಲಿ ಅದು ನಗೆಮಾತಾಗಿತ್ತು. ಬರಬರುತ್ತ ಅವರು ಬಾಗಿಲಿಗೆ ಬರುವ ಹೆಜ್ಜೆ ಕೇಳಿಯೇ ನನ್ನ ಕೈ ಸಾಣೆಯ ಮೇಲೆ ನಿಲ್ಲುತ್ತಿತ್ತು.

ಅವರ ನಿವೃತ್ತಿಯ ವರ್ಷ ಬಂತು. ಕುಲುಮೆಯ ಒಳಗೋಡೆ ಸವೆದಿತ್ತು. ಇನ್ನೊಂದು ಸಲ ಉರಿಸಿದರೆ ಮುಗಿಯಿತು, ಆಮೇಲೆ ಆ ಕೋಣೆ ಬೇರೆ ಕೆಲಸಕ್ಕೆ ಎಂದು ಮೇಲಿನವರು ತೀರ್ಮಾನಿಸಿದ್ದರು. ಆ ಕೊನೆಯ ಉರಿಯ ಮೂಸೆಯನ್ನು ಅವರು ತೆರೆದು ನೋಡಿದ್ದು ವಸಂತದಲ್ಲಿ. ಬಾಗಿಲಿಗೆ ಬಂದರು, ‘ಇನ್ನೂ ನೀವು’ ಎನ್ನಲಿಲ್ಲ. ಕೆಮ್ಮಿನ ಮಾತ್ರೆಯ ತಗಡಿನ ಡಬ್ಬಿ ನನ್ನ ಮುಂದಿಟ್ಟರು. ಹತ್ತಿಯ ಮೇಲೆ ಒಂದು ಹರಳು, ಹೆಬ್ಬೆರಳ ಉಗುರಿನಷ್ಟು ಅಗಲ, ಬೆಂಕಿಕಡ್ಡಿಯಷ್ಟು ದಪ್ಪ. ತಿಳಿಯಾದ ಚಹಾದ ಬಣ್ಣ.

ನಾನು ಅದರ ಮೇಲೆ ಉಸಿರು ಬಿಟ್ಟೆ. ತುರ್ನೋವಿನವರು ಯಾವ ಹರಳನ್ನು ನೋಡುವುದೂ ಹಾಗೆಯೇ. ಮಂಜು ಕಟ್ಟಿ ಆರುವಾಗ ಬಿರುಕಿದ್ದರೆ ಗೆರೆ ಕಾಣುತ್ತದೆ. ಗೆರೆ ಇರಲಿಲ್ಲ.

“ಇದು ಹೋದ್ರೆ ಇನ್ನೊಂದಿಲ್ಲ,” ಎಂದರು ಪಾನ್ ಓತಕರ್.

“ಗೊತ್ತು. ಮೇಣ ಹಾಕ್ಲಾ?”

“ಹಾಕ್ದೆ ಇನ್ನೇನು? ಬರೀ ಹಿಡಿದ್ರೆ ಅಂಚು ಬಿಚ್ಕೊಳ್ಳುತ್ತೆ. ಧಾರಾಳವಾಗಿ ಹಾಕಿ.”

ನಮ್ಮ ಊರಿನ ಪದ್ಧತಿ ಅದು. ಜೇನುಮೇಣಕ್ಕೆ ಸ್ವಲ್ಪ ರಾಳ ಬೆರೆಸಿ, ಬಿಸಿ ಮಾಡಿ, ಕೋಲಿನ ತುದಿಗೆ ಹರಳನ್ನು ಕೂರಿಸುತ್ತೇವೆ. ನನ್ನ ಅಪ್ಪ, ಅಜ್ಜ ಯಾರೂ ಬೇರೆ ಥರ ಹಿಡಿದವರಲ್ಲ. ನಾನು ಹರಳಿನ ಎರಡೂ ಬದಿಗೆ ಗಾಜು ಕೊಟ್ಟು, ಮೇಣ ತುಂಬಿ, ಅಂಚನ್ನು ಮೇಲೆ ಮಾಡಿ, ಚಕ್ರವನ್ನು ಅತಿ ನಿಧಾನ ತಿರುಗಿಸಿ ಸಾಣೆ ಹಿಡಿದೆ. ಅಂಚು ಕನ್ನಡಿಯಾಯಿತು. ಒಂದು ಪದರವೂ ಏಳಲಿಲ್ಲ. ಗಾಜು ಬಿಡಿಸಿ, ಹೊರಗಿನ ಮೇಣ ಒರೆಸಿ ಮೇಲಕ್ಕೆ ಕೊಟ್ಟೆ.

ಮಾರನೆಯ ಬೆಳಿಗ್ಗೆ ಇವೋನಾ ಮೆಟ್ಟಿಲು ಇಳಿದು ಓಡಿ ಬಂದಳು. ಅಳೆದದ್ದನ್ನು ಕಾಗದದ ಮೇಲೆ ಗೆರೆಯಾಗಿ ಎಳೆಯುವ ಪೆನ್ನು ಅವಳ ಯಂತ್ರಕ್ಕಿತ್ತು, ಆ ಗೆರೆಯಲ್ಲಿ ಒಂದು ತಗ್ಗು ಬಿದ್ದಿತ್ತು.

“ಯಾರ ಲೆಕ್ಕದಲ್ಲೂ ಇಲ್ಲದ ಕಡೆ ಬಿದ್ದಿದೆ! ಹೊಸ ನಡುಕ! ಪಾನ್ ಓತಕರ್, ನಿಮ್ಮ ಹರಳು ಮಾತಾಡ್ತು!”

ಪಾನ್ ಓತಕರ್ ಕುಲುಮೆಯ ಮುಂದೆ ಸ್ಟೂಲಿನ ಮೇಲೆ ಕೂತುಬಿಟ್ಟರು. “ನೋಡಿದ್ರಾ ಪಾನಿ ಡಾಕ್ಟರ್,” ಎಂದರು, “ನೀವು ದಿನಾ ಕೇಳ್ತಿದ್ರಲ್ಲ, ‘ಈ ಮುದುಕ ಕೆಳಗೆ ಏನ್ ಬೇಯಿಸ್ತಾ ಇರ್ತಾನೆ’ ಅಂತ.”

“ನಾನ್ಯಾವತ್ತೂ ಹಾಗೆ ಕೇಳಿಲ್ಲ!”

“ಮುಖದಲ್ಲಿ ಕೇಳ್ತಿದ್ರಿ.”

ಅಂದು ಕೆಲಸ ಮುಗಿದ ಮೇಲೆ ಅವರು ಸೀಸೆ ತಂದರು. ಅವರ ತಮ್ಮನ ತೋಟದ ಪ್ಲಮ್, ಮನೆಯಲ್ಲೇ ಇಳಿಸಿದ್ದು. ನನ್ನ ಸಾಣೆ ಮೇಜನ್ನು ಒರೆಸಿ, ಎರಡು ಲೋಟ ಇಟ್ಟು, ಅಂಚಿನ ತನಕ ತುಂಬಿಸಿದರು. ಕುಲುಮೆ ಕೋಣೆಯ ನಿಲುವಂಗಿ ತೆಗೆದು ಕೋಟು ಹಾಕಿಕೊಂಡು ಬಂದಿದ್ದರು. ಅದನ್ನು ನೋಡಿ ನಾನೂ ಏಪ್ರನ್ ಬಿಚ್ಚಿದೆ.

“ಹೆದರ್ಕೆ ಆಗ್ತಿದೆಯಾ?” ಎಂದರು.

“ನನಗ್ಯಾಕೆ? ‘ನೀನು’ ಅಂದ ಮೇಲೆ ಬೈಯೋದು ಸಲೀಸು. ಹೆದರ್ಬೇಕಾದೋರು ನೀವು.”

“ಕೊನೇ ‘ನೀವು’ ಅದು. ಚೆನ್ನಾಗಿ ಹೇಳ್ಬಿಡಿ.”

ಲೋಟ ಎತ್ತಿದೆವು. ಗಾಜಿಗೆ ಗಾಜು ತಗುಲುವ ಮೊದಲು ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು. ಬೆಳಿಗ್ಗೆಯ ಓಟವಲ್ಲ. ಒಂದೊಂದೇ ಮೆಟ್ಟಿಲು. ಇವೋನಾ ಬಾಗಿಲಲ್ಲಿ ನಿಂತಳು. ಮೇಜಿನ ಮೇಲಿನ ಸೀಸೆ ನೋಡಿದಳು, ನಮ್ಮ ಕೈ ನೋಡಿದಳು. ಅವಳಿಗೆ ನಮ್ಮ ಮಾತಿನ ಒಪ್ಪಂದ ಗೊತ್ತಿತ್ತು. ಇಡೀ ಕಟ್ಟಡಕ್ಕೇ ಗೊತ್ತಿತ್ತು.

“ಹೇಳಿ,” ಎಂದರು ಪಾನ್ ಓತಕರ್, ಲೋಟ ಇಳಿಸದೆ.

“ಮಧ್ಯಾಹ್ನ ಸ್ವಲ್ಪ ಬಿಸಿ ಮಾಡಿ ನೋಡಿದೆ. ಜಾಸ್ತಿ ಅಲ್ಲ, ಸೂಪಿನಷ್ಟು ಬಿಸಿ. ಆ ತಗ್ಗು ಅಳಿಸಿ ಹೋಯ್ತು. ಆರಿಸಿದ್ರೆ ಮತ್ತೆ ಬಂತು.”

“ನನ್ನ ಹರಳು ಹುಟ್ಟಿದ್ದು ಬೆಂಕೀಲಿ. ಸೂಪಿನ ಬಿಸಿಗೆ ಅದರ ನಡುಕ ಯಾಕೆ ನಿಲ್ಲುತ್ತೆ?”

“ನಿಲ್ಲಲ್ಲ,” ಎಂದಳು ಇವೋನಾ. ಅವಳ ಕಣ್ಣು ತುಂಬಿತ್ತು. “ಅದು ಹರಳಿನದಲ್ಲ ಅನ್ಸುತ್ತೆ.”

ಡಬ್ಬಿ ತೆಗೆದುಕೊಟ್ಟಳು. ಪಾನ್ ಓತಕರ್ ಲೋಟ ಮೇಜಿಗಿಟ್ಟು, ಹರಳನ್ನು ಚಿಮಟದಲ್ಲಿ ಎತ್ತಿ ನನ್ನ ದೀಪದ ಬಲ್ಬಿನ ಹತ್ತಿರ ಹಿಡಿದರು. ಸ್ವಲ್ಪ ಹೊತ್ತಿನ ಮೇಲೆ ಮೂಗಿನ ಹತ್ತಿರ ತಂದರು. ಅರ್ಧ ಸುಟ್ಟ ಹುಬ್ಬು ಮೇಲೆ ಹೋಯಿತು.

“ಜೇನು,” ಎಂದರು.

ಪದರ ಪದರದ ನಡುವೆ ಮೇಣ ಇಳಿದಿತ್ತು. ಕೆಂಪು ಹರಳಿನೊಳಗೆ ಮೇಣ ಇಳಿಯುವುದಿಲ್ಲ, ಅದಕ್ಕೇ ನಮ್ಮ ಊರಿನವರು ಯಾರೂ ಅದನ್ನು ಯೋಚಿಸಿದವರಲ್ಲ. ನಡುಗಿದ್ದು ಹರಳಲ್ಲ, ತುರ್ನೋವಿನ ಜೇನುಮೇಣ.

ಕಿಟಕಿಯ ಆಚೆ ಬೂಟುಗಳು ಮನೆಗೆ ಹೋಗುತ್ತಿದ್ದವು. ಪಾನ್ ಓತಕರ್ ಮೊದಲು ತಮ್ಮ ಲೋಟ, ಆಮೇಲೆ ನನ್ನ ಕೈಯಿಂದ ನನ್ನ ಲೋಟ ತೆಗೆದುಕೊಂಡು, ಒಂದು ಹನಿ ಚೆಲ್ಲದೆ ಸೀಸೆಗೆ ವಾಪಸು ಸುರಿದರು. ಹರಳು ಬೆಳೆಸುವವರ ಕೈ, ನಡುಗುವುದಿಲ್ಲ. ಮುಚ್ಚಳ ಹಾಕಿ, ನನ್ನ ಕಪಾಟಿನ ಕೆಳಗಿನ ಖಾನೆಯಲ್ಲಿ ಇಟ್ಟರು.

“ಇನ್ನೂ ‘ನೀವು’, ಪಾನಿ ಮಿಲಾದಾ.”

“ಕುಡಿದೇ ಬಿಡೋಣ, ಏನಾಗುತ್ತೆ,” ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವರ ಮುಖ ನೋಡಿದೆ. ಸುಳ್ಳು ಹರಳಿನ ಮೇಲೆ ನಿಜವಾದ ಮಾತನ್ನು ಕೂರಿಸಲು ಆ ಮನುಷ್ಯನಿಂದ ಆಗುತ್ತಿರಲಿಲ್ಲ. ನನಗೂ ಅವರಲ್ಲಿ ಹಿಡಿಸಿದ್ದು ಅದೇ.

ಮೇಣ ತೆಗೆಯಲು ಹರಳನ್ನು ಪೆಟ್ರೋಲಿನಲ್ಲಿ ನೆನೆಹಾಕಿದೆವು. ವಾರಗಳ ಕಾಲ ದಿನವೂ ಬದಲಾಯಿಸಿ ನೆನೆಸಿದೆವು. ಮೇಣ ಹೋಯಿತು, ಜೊತೆಗೆ ಹಿಡಿತವೂ ಹೋಯಿತು. ಒಂದು ಬೆಳಿಗ್ಗೆ ಎತ್ತಿದಾಗ ಹರಳಿನ ಮೇಲಿನ ಭಾಗ ಹಳೇ ಪುಸ್ತಕದ ರಟ್ಟಿನ ಹಾಗೆ ಕಳಚಿ ತಟ್ಟೆಗೆ ಬಿತ್ತು. ಉಳಿದದ್ದು ಅರ್ಧ ದಪ್ಪ. ಇವೋನಾ ಅಳತೆ ನೋಡಿ, “ಸಾಕಾಗುತ್ತೆ. ಇದಕ್ಕಿಂತ ಕಮ್ಮಿ ಆದ್ರೆ ಸಾಕಾಗಲ್ಲ,” ಎಂದಳು.

ಹೊಳಪು ಮಾತ್ರ ಹೊಸದಾಗಿ ಬರಿಸಬೇಕಿತ್ತು, ಈ ಸಲ ಮೇಣವಿಲ್ಲದೆ. ಪಾನ್ ಓತಕರ್ ಹಿತ್ತಾಳೆಯ ಪುಟ್ಟ ಹಿಡಿಕೆ ಮಾಡಿಕೊಟ್ಟರು. ಒಳಗೆ ಸಿಗರೇಟು ಸುತ್ತುವ ಕಾಗದದ ಮೆತ್ತೆ. ನಾನು ಚಕ್ರವನ್ನು ಬಿಟ್ಟು, ಗಾಜಿನ ತಟ್ಟೆಯ ಮೇಲೆ ನುಣುಪಾದ ಪುಡಿ ಹಾಕಿ, ನೀರು ಚಿಮುಕಿಸಿ, ಕೈಯಲ್ಲೇ ಉಜ್ಜಲು ಹಿಡಿದೆ. ಉಜ್ಜುವುದೂ ಅಲ್ಲ, ಹರಳು ತನ್ನ ತೂಕದಲ್ಲಿ ತಾನೇ ಓಡಾಡಬೇಕು. ಬೆರಳು ದಾರಿ ತೋರಿಸಬೇಕು ಅಷ್ಟೆ. ಇಡೀ ದಿನ ಕೂತರೆ ಒಂದು ಕೂದಲಿನಷ್ಟು ಕೆಲಸ ಆಗುತ್ತಿರಲಿಲ್ಲ.

ಪಾನ್ ಓತಕರ್ ಅಷ್ಟರಲ್ಲಿ ನಿವೃತ್ತರಾಗಿದ್ದರು. ಆದರೂ ಮಧ್ಯಾಹ್ನ ಬಂದು ಕಿಟಕಿ ಕಟ್ಟೆಯ ಮೇಲೆ ಕೂರುತ್ತಿದ್ದರು.

“ಇಷ್ಟು ನಿಧಾನವಾ? ನಾನು ಸಾಯೋದ್ರೊಳಗೆ ಆಗುತ್ತಾ?”

“ಹರಳು ಬೆಳೆಸುವಾಗ ನಾನು ನಿಮ್ಮನ್ನ ಅವಸರ ಮಾಡಿದ್ನಾ?”

“ಇಲ್ಲ.”

“ಹಾಗಾದ್ರೆ ಬ್ರೆಡ್ಡು ತಿನ್ನಿ.”

ಸೆಪ್ಟೆಂಬರಿನಲ್ಲಿ ಮಳೆ ಬಿದ್ದು ಬಿಸಿಲು ಬಂದಾಗ ಊರಿಗೆ ಊರೇ ಬುಟ್ಟಿ ಹಿಡಿದು ಕಾಡಿಗೆ ಅಣಬೆ ಆರಿಸಲು ಹೋಗುತ್ತದೆ. ಅವರೂ ಹೋದರು. “ನಿಮಗೆ ಒಣಗಿಸಿದ್ದು ಒಂದು ಮಾಲೆ ತರ್ತೀನಿ, ಕ್ರಿಸ್ಮಸ್ ಸೂಪಿಗೆ,” ಎಂದಿದ್ದರು. ಒಂದು ಮರದ ಬುಡದಲ್ಲಿ ಅವರು ಒರಗಿ ಕೂತಿದ್ದನ್ನು ಬೇರೆ ಅಣಬೆಯವರು ಕಂಡರಂತೆ. ದಣಿದು ಕೂತಿದ್ದಾರೆ ಎಂದುಕೊಂಡು, “ಒಳ್ಳೇ ಫಸಲು!” ಎಂದು ಬುಟ್ಟಿ ನೋಡಿ ಮಾತಾಡಿಸಿದ್ದಾರೆ. ಉತ್ತರ ಬರಲಿಲ್ಲ. ಬಲಗೈ, ಬಲಗಾಲು, ಮಾತು, ಮೂರೂ ಒಟ್ಟಿಗೆ ಹೋಗಿದ್ದವು.

ನಾನು ಆಸ್ಪತ್ರೆಗೆ ಹೋದಾಗ ನರ್ಸು ಬಾಗಿಲಲ್ಲೇ ಹೇಳಿದಳು. “ಎಲ್ಲ ಅರ್ಥ ಆಗುತ್ತೆ ಅವರಿಗೆ. ಆದ್ರೆ ಬಾಯಿಗೆ ಬರೋದು ಒಂದೇ ಮಾತು, ‘ಸರಿ ಸರಿ.’ ಬೇಜಾರು ಮಾಡ್ಕೋಬೇಡಿ.”

“ಹೇಗಿದೀರಿ, ಪಾನ್ ಓತಕರ್?”

“ಸರಿ ಸರಿ,” ಎಂದರು. ಸೋಲೊಪ್ಪುವಾಗ, ಟ್ರ್ಯಾಮ್ ತಪ್ಪಿಹೋದಾಗ, ಯಾರಾದರೂ ಸತ್ತರೆಂದು ಕೇಳಿದಾಗ ನಮ್ಮ ಜನ ಹೇಳುವ ಮಾತು. ಅಷ್ಟು ಮಾತುಗಳಲ್ಲಿ ಅದೊಂದೇ ಉಳಿಯಬೇಕಿತ್ತೆ? ಅವರು ಎಡಗೈ ಎತ್ತಿ, ಹೆಬ್ಬೆರಳು ತೋರುಬೆರಳು ಸೇರಿಸಿ ಗಾಳಿಯಲ್ಲಿ ಸಣ್ಣಗೆ ಸುತ್ತಿಸಿ ತೋರಿಸಿದರು. ಸಾಣೆ ಎಲ್ಲಿಗೆ ಬಂತು ಎಂದು ಕೇಳುತ್ತಿದ್ದರು.

“ಆಗ್ತಿದೆ. ಗೆರೆ ಎಲ್ಲ ಹೋಗಿವೆ. ಇನ್ನು ಹೊಳಪು.”

“ಸರಿ ಸರಿ.”

ಕಣ್ಣು ಮಾತ್ರ ನಗುತ್ತಿತ್ತು. ಅದನ್ನು ನೋಡಿದ ಮೇಲೆ ಬೇರೆ ಯೋಚನೆಯೇ ನನಗಿರಲಿಲ್ಲ. ಮುಗಿಸಬೇಕು, ಅವರು ಇರುವಾಗ ಮುಗಿಸಬೇಕು. ಆದರೆ ಅವಸರ ಮಾಡಿದ ದಿನ ಹರಳು ಹೋಗುತ್ತದೆ. ಬೆರಳು ಓಡಲು ನೋಡುತ್ತಿತ್ತು. ಅದನ್ನು ಹಿಡಿದು ಕೂರಿಸುವುದೇ ಆ ತಿಂಗಳುಗಳ ನನ್ನ ಕೆಲಸ. ದಿನ ಬಿಟ್ಟು ದಿನ ಆಸ್ಪತ್ರೆಗೆ ಹೋಗುತ್ತಿದ್ದೆ. ಪ್ರತಿ ಸಲ ಅವರು ಹಾಸಿಗೆಯಲ್ಲಿ ಸ್ವಲ್ಪ ಸಣ್ಣಗಾಗಿರುತ್ತಿದ್ದರು.

ಸತ್ತವರ ಹಬ್ಬ ಬಂತು. ಜನ ಸೇವಂತಿಗೆ, ಮೇಣದ ದೀಪ ಹಿಡಿದು ಸಮಾಧಿಗಳಿಗೆ ಹೋಗುತ್ತಿದ್ದರು. ನಾನು ಅಮ್ಮನಿಗೆ ದೀಪ ಹಚ್ಚಿ ನೇರವಾಗಿ ಸಾಣೆ ಕೋಣೆಗೆ ಬಂದು, ಹಿಡಿಕೆ ಬಿಚ್ಚಿ, ಅಂಚಿನ ಮೇಲೆ ಉಸಿರು ಬಿಟ್ಟೆ. ಮಂಜು ಕಟ್ಟಿತು, ಆರಿತು. ಒಂದು ಗೆರೆಯೂ ಇಲ್ಲ. ಬೆಳ್ಳಗೆ ಬಲ್ಬು ಕಾಣುತ್ತಿತ್ತು ಅದರಲ್ಲಿ.

ಇವೋನಾ ಯಂತ್ರ ಹಚ್ಚಿದಾಗ ನನ್ನನ್ನೂ ಪಕ್ಕಕ್ಕೆ ಕೂರಿಸಿಕೊಂಡಳು. ಪೆನ್ನು ಬಲದಿಂದ ಎಡಕ್ಕೆ ಹೋಗುತ್ತಿತ್ತು. ಮೇಣದ ತಗ್ಗು ಇದ್ದ ಜಾಗ ಸಪಾಟಾಗಿ ದಾಟಿತು. ಇವೋನಾ ಉಸಿರು ಬಿಟ್ಟಳು. ಪೆನ್ನು ಇನ್ನೂ ಎಡಕ್ಕೆ, ನಿಧಾನದ ನಡುಕಗಳು ಇರುವ ಕಡೆ, ಹೆಚ್ಚುಕಮ್ಮಿ ಕಾಗದದ ಕೊನೆಗೆ ಬಂದಾಗ ಕೆಳಗಿಳಿಯಿತು. ಆಳವಿಲ್ಲದ, ಅಗಲವಾದ ತಗ್ಗು, ಮಲಗಿ ಎದ್ದ ದಿಂಬಿನ ಮೇಲೆ ಇರುವಂಥದ್ದು.

“ಸೂಪು,” ಎಂದೆ ನಾನು.

ಅವಳು ಬಿಸಿ ಮಾಡಿದಳು. ತಗ್ಗು ಇತ್ತು. ಬ್ರೆಡ್ಡು ಬೇಯುವಷ್ಟು ಬಿಸಿ ಮಾಡಿದಳು. ತಗ್ಗು ಇತ್ತು. ಒಂದು ಕೂದಲು ಎಡಕ್ಕೆ ಸರಿದಿತ್ತು, ಅಷ್ಟೆ.

“ಇದು ಹರಳು,” ಎಂದಳು ಇವೋನಾ. “ಪಾನಿ ಮಿಲಾದಾ, ಇದು ಹರಳೇ. ಹೋಗಿ. ಟ್ಯಾಕ್ಸಿ ಹಿಡಿದು ಹೋಗಿ.” ಕಾಗದವನ್ನು ಹರಿದು ನನ್ನ ಕೈಗೆ ಕೊಟ್ಟಳು.

ಸೀಸೆಯನ್ನು ಆಸ್ಪತ್ರೆಯೊಳಗೆ ಬಿಡುವುದಿಲ್ಲ. ಸ್ವಲ್ಪವನ್ನು ತೊಳೆದ ಕೆಮ್ಮಿನ ಔಷಧಿಯ ಬಾಟಲಿಗೆ ಸುರಿದುಕೊಂಡು, ಎರಡು ಲೋಟವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದೆ.

ಅವರು ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದರು. ಅಲ್ಲಿ ಕಾಣುತ್ತಿದ್ದುದು ಆಕಾಶ ಮಾತ್ರ. ಬೂಟು ಒಂದೂ ಇಲ್ಲ. ನಾನು ಕಾಗದವನ್ನು ಅವರ ಎದೆಯ ಮೇಲೆ ಹರಡಿದೆ. ಎಡಗೈಯ ಬೆರಳು ಬಲತುದಿಯಿಂದ ಗೆರೆಯ ಮೇಲೆ ಹೊರಟಿತು. ಮೇಣದ ಜಾಗದಲ್ಲಿ ನಿಂತಿತು. ನನ್ನ ಕಡೆ ನೋಡಿದರು.

“ಇಲ್ಲ,” ಎಂದೆ. “ಮೇಣ ಇಲ್ಲ. ಮುಂದೆ ಹೋಗಿ.”

ಬೆರಳು ಮುಂದೆ ಹೋಯಿತು. ತಗ್ಗಿಗೆ ಇಳಿಯಿತು, ಅಲ್ಲೇ ಕೂತಿತು. ಅವರು ಬೆರಳನ್ನು ಅಲ್ಲಿಂದ ಎತ್ತಲೇ ಇಲ್ಲ. ಅರ್ಧ ಹುಬ್ಬಿನ ಕೆಳಗೆ ಕಣ್ಣು ತುಂಬಿ, ಪಕ್ಕದಿಂದ ಕಿವಿಯ ಕಡೆಗೆ ಇಳಿಯಿತು.

“ದಪ್ಪ ಹರಳು ಮಾತಾಡ್ತು,” ಎಂದೆ. “ಮಾತು ಅಂದ್ರೆ ಮಾತು.”

ಲೋಟಗಳನ್ನು ಹಾಸಿಗೆಯ ಪಕ್ಕದ ಮೇಜಿನ ಮೇಲೆ ಇಟ್ಟು ಸುರಿದೆ. ಒಂದನ್ನು ಅವರ ಎಡಗೈಯಲ್ಲಿ ಇಟ್ಟು, ನನ್ನ ಕೈಯಿಂದ ಆ ಕೈಯನ್ನು ಹಿಡಿದುಕೊಂಡೆ. ಗಾಜಿಗೆ ಗಾಜು ತಗುಲಿತು. ಅವರ ತುಟಿಗೆ ತಾಗಿಸಿದೆ, ಒಂದು ಹನಿ ಒಳಗೆ ಹೋಯಿತು, ಉಳಿದದ್ದು ಗಲ್ಲದ ಮೇಲೆ ಇಳಿಯಿತು. ಒರೆಸಿದೆ. ನನ್ನದನ್ನು ಕುಡಿದೆ. ಪದ್ಧತಿಯ ಪ್ರಕಾರ ಹೆಸರು ಹೇಳಿದೆ.

“ಮಿಲಾದಾ.”

ಅವರು ನನ್ನ ಕಣ್ಣನ್ನೇ ನೋಡುತ್ತಿದ್ದರು. ಬಾಯಿ ತೆರೆಯಿತು. ‘ಸರಿ ಸರಿ’ ಬರುತ್ತದೆ ಎಂದುಕೊಂಡೆ. ಅದು ಬಂದದ್ದನ್ನು ಅವರು ಹಲ್ಲು ಕಚ್ಚಿ ಹಿಂದಕ್ಕೆ ತಳ್ಳಿದ್ದು ನನಗೆ ಕಾಣಿಸಿತು. ಕತ್ತಿನ ನರ ಉಬ್ಬಿತು. ಕುಲುಮೆಯಿಂದ ಮೂಸೆ ಎತ್ತುವಾಗ ಉಬ್ಬುತ್ತಿದ್ದ ನರ ಅದು.

“ನೀ…” ಎಂದರು.

ನಾನು ಕಾದೆ. ಕಾಯುವುದು ನನಗೆ ಬರುವ ವಿದ್ಯೆ.

“ನೀ…” ಇನ್ನೊಂದು ಸಲ ಅಷ್ಟೇ ಬಂತು. ಅಲ್ಲಿಂದ ಮುಂದೆ ಬರಲಿಲ್ಲ. ದಣಿದು ತಲೆ ದಿಂಬಿಗೆ ಒರಗಿತು. ಬಾಗಿಲಲ್ಲಿದ್ದ ನರ್ಸು, “ಅಯ್ಯೋ, ಹೊಸ ಮಾತು!” ಎಂದು ಕೈ ಜೋಡಿಸಿದಳು. ಲೋಟ ನೋಡಿದರೂ ನೋಡದವಳ ಹಾಗೆ ಕಿಟಕಿಯ ಪರದೆ ಸರಿಮಾಡಿ ಹೋದಳು. ಭೇಟಿಯ ಹೊತ್ತು ಮುಗಿಯಿತೆಂದು ಗಂಟೆ ಹೊಡೆಯಿತು.

“ಮಲಗು ಓತಕರ್,” ಎಂದೆ. “ನಾಳೆ ಬರ್ತೀನಿ. ಉಳಿದದ್ದು ನಾಳೆ ಹೇಳು.”

ಬೆಳಗಾಗುವುದರೊಳಗೆ ಅವರು ಹೋಗಿದ್ದರು. ಕಾಗದ ಅವರ ಎದೆಯ ಮೇಲೇ ಇತ್ತಂತೆ.

ಅವರನ್ನು ದಹನಕ್ಕೆ ಕೊಟ್ಟು ಬಂದ ವಾರ ಇವೋನಾ ಕರೆದಳು. “ಹರಳನ್ನ ಆ ಕೊನೇ ಬಿಸಿ ದಾಟಿಸಿ ನೋಡ್ಬೇಕು ಅಂತ ಅವರು ಅಂದಿದ್ರು. ನಾನೊಬ್ಳೇ ಮಾಡಲ್ಲ. ಬನ್ನಿ.” ಹೋಗಿ ಪಕ್ಕದಲ್ಲಿ ಕೂತೆ. ಬಿಸಿ ಏರಿಸುತ್ತ ಹೋದಳು. ಪ್ರತಿ ಸಲ ಪೆನ್ನು ಬಂದಾಗಲೂ ಆ ತಗ್ಗು ಇನ್ನಷ್ಟು ಎಡಕ್ಕೆ, ಇನ್ನಷ್ಟು ಮೆತ್ತಗೆ, ಇನ್ನಷ್ಟು ಅಗಲ. ಅವರು ಹೇಳಿದ ಹಾಗೆಯೇ. ಕೊನೆಗೆ ಪೆನ್ನು ಕಾಗದದ ತುದಿಯವರೆಗೆ ಹೋದರೂ ಗೆರೆ ಇಳಿಯಲಿಲ್ಲ.

“ನಿಂತುಹೋಯ್ತಾ?” ಎಂದೆ.

“ಗೊತ್ತಿಲ್ಲ, ಪಾನಿ ಮಿಲಾದಾ. ನಿಂತಿರ್ಬಹುದು. ಇಲ್ಲಾ, ನಮ್ಮ ಯಂತ್ರಕ್ಕೆ ಕಾಣದಷ್ಟು ನಿಧಾನ ಆಗಿರ್ಬಹುದು. ಇಲ್ಲಿಂದ ಹೇಳೋಕಾಗಲ್ಲ.”

ಆರಿಸಿ ತೆಗೆದಾಗ ಹರಳು ಹರಳಾಗಿರಲಿಲ್ಲ. ಡಬ್ಬಿಯ ಹತ್ತಿಯ ಮೇಲೆ ಚಹಾ ಬಣ್ಣದ ಎಲೆಗಳು ಚದರಿದ್ದವು, ಆಟ ಬಿಟ್ಟು ಎದ್ದುಹೋದವರ ಇಸ್ಪೀಟಿನ ಹಾಗೆ. ಇವೋನಾ ಅಳುತ್ತಿದ್ದಳು. ನಾನು ಅವಳನ್ನು ಕೆಳಗೆ ಕರೆದುಕೊಂಡು ಹೋದೆ. ಎದುರಿನ ಕುಲುಮೆ ಕೋಣೆಗೆ ಆಗಲೇ ಬೇರೆ ಬೀಗ ಬಿದ್ದಿತ್ತು. ಕಪಾಟಿನ ಕೆಳಗಿನ ಖಾನೆಯಿಂದ ಸೀಸೆ ತೆಗೆದು, ಮೇಜು ಒರೆಸಿ, ಎರಡು ಲೋಟಕ್ಕೆ ಸುರಿದೆ.

“ಹೆಂಗಸರಿಬ್ಬರೂ. ಹಿರಿಯಳು ನಾನು. ಯಾರ ಹಕ್ಕು ಅನ್ನೋ ತಕರಾರೇ ಇಲ್ಲ,” ಎಂದೆ. “ಇನ್ಮೇಲೆ ನನ್ನನ್ನ ‘ನೀನು’ ಅನ್ನು.”

“ಈಗಲೇ? ನಾನು… ನನ್ನ ಅಮ್ಮನ ವಯಸ್ಸು ನಿಮ್ಮದು.”

“ಈಗಲೇ.”

ಲೋಟ ತಗುಲಿಸಿದೆವು. ಅವಳು ಕುಡಿದು, ಕೆಮ್ಮಿ, ಮೂಗು ಒರೆಸಿಕೊಂಡು, “ಇವೋನಾ,” ಎಂದಳು. ನಾನು ನನ್ನ ಹೆಸರು ಹೇಳಿದೆ. ಅವಳು ಏನೋ ಕೇಳಲು ಹೋಗಿ ಎರಡು ಸಲ ತಡವರಿಸಿದಳು, ಮೂರನೆಯ ಸಲ ಬಂತು.

“ಅವರು ಅವತ್ತು ಏನಂದ್ರು… ನಿನಗೆ?”

“‘ನೀ’ ಅಂದ್ರು.”

“‘ನೀನು’ ಅನ್ನೋಕೆ ಹೋಗಿದ್ರಾ, ‘ನೀವು’ ಅನ್ನೋಕಾ?”

ನಾನು ಲೋಟವನ್ನು ಬೆಳಕಿಗೆ ಹಿಡಿದು ನೋಡಿದೆ. ಆ ಸಂಜೆ ಅವರು ನನ್ನ ಕೈಯಿಂದ ತೆಗೆದುಕೊಂಡು ವಾಪಸು ಸುರಿದದ್ದೂ ಇದರಲ್ಲೇ ಎಲ್ಲೋ ಇತ್ತು. ಇನ್ನೊಂದು ಸುರಿದೆ.